ಬೆಂಕಿ ರಾಶಿ, ನೀರು ರಾಶಿ: ಜಾತಕ ಕೂಡಿಸುವಾಗ ಎಲ್ಲಿ ನೋಡಬೇಕು

"ಹುಡುಗ ಸಿಂಹ, ಹುಡುಗಿ ವೃಶ್ಚಿಕ. ಬೆಂಕಿಗೂ ನೀರಿಗೂ ಆಗ್ಲಿಕ್ಕಿಲ್ಲ" ಎಂದು ವಾಟ್ಸಾಪಿನಲ್ಲೇ ಸಂಬಂಧ ಮುಗಿಸುವ ಮನೆಗಳು ಮಂಗಳೂರು, ಉಡುಪಿ ಕಡೆ ಬೇಕಾದಷ್ಟಿವೆ. ಜಾತಕ ನಂಬುವವರೇ ಹೀಗೆ ಮಾಡುವುದು ವಿಚಿತ್ರ. ಮೇಷ, ಸಿಂಹ, ಧನು ಅಗ್ನಿತತ್ತ್ವದ ರಾಶಿಗಳು. ಕರ್ಕಾಟಕ, ವೃಶ್ಚಿಕ, ಮೀನ ಜಲತತ್ತ್ವದವು. ಇದು ಸರಿ. ಆದರೆ ಜಾತಕ ಕೂಡಿಸುವ ಎರಡು ಪದ್ಧತಿಗಳಲ್ಲಿ, ಎಂಟು ಕೂಟ (ಹೊಂದಾಣಿಕೆ) ನೋಡುವ ಅಷ್ಟಕೂಟದ 36 ಅಂಕಗಳಲ್ಲಿ ತತ್ತ್ವಕ್ಕೆಂದು ಒಂದು ಅಂಕವೂ ಇಲ್ಲ, ಹತ್ತು ಕೂಟ ನೋಡುವ ದಶಕೂಟದಲ್ಲಿ ಅದಕ್ಕೊಂದು ಕೂಟವೂ ಇಲ್ಲ. ಬೆಂಕಿಗೆ ಗಾಳಿ, ನೀರಿಗೆ ಮಣ್ಣು ಎಂಬ ಜೋಡಣೆ ಪಾಶ್ಚಾತ್ಯ ಪದ್ಧತಿಯದು. ಬೆಂಕಿ ರಾಶಿಗೆ ಏಳನೆಯದು ಯಾವತ್ತೂ ವಾಯು ರಾಶಿ, ನೀರು ರಾಶಿಗೆ ಏಳನೆಯದು ಯಾವತ್ತೂ ಭೂಮಿ ರಾಶಿ ಆಗಿರುವುದರಿಂದ ಈ ಮಾತು ನಮ್ಮಲ್ಲೂ ಸುಲಭವಾಗಿ ಒಗ್ಗಿಕೊಂಡಿದೆ.

ಬೆಂಕಿ–ನೀರು ಜೋಡಿಗಳಲ್ಲಿ ತೊಡಕು ಇಲ್ಲವೆಂದಲ್ಲ. ಉಂಟು, ಕೆಲವೊಮ್ಮೆ ಗಟ್ಟಿಯಾಗಿಯೇ ಉಂಟು. ಅದು ತತ್ತ್ವದಲ್ಲಿಲ್ಲ, ನಕ್ಷತ್ರದಲ್ಲಿದೆ. ಅದನ್ನು ಮನೆಯಲ್ಲೇ ಪಂಚಾಂಗ ಹಿಡಿದು ನೋಡುವ ಕ್ರಮ ಇಲ್ಲಿದೆ.

ಮೊದಲು ಬರಿ, ಆಮೇಲೆ ರಾಶಿ

ಜಾತಕ ತೆರೆಯುವ ಮೊದಲೇ ಬರಿ (ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ಕುಲ) ಕೇಳಿ, ಗೋತ್ರ ಇರುವವರು ಗೋತ್ರ ಕೇಳಿ. ಒಂದೇ ಬರಿಯವರು ಅಣ್ಣತಂಗಿ ಲೆಕ್ಕ. ಅಲ್ಲಿ ತಡೆ ಇದ್ದರೆ 36ಕ್ಕೆ 33 ಬಂದರೂ ಹಿರಿಯರು ಒಪ್ಪುವುದಿಲ್ಲ, ಮುಂದಿನ ಗುಣಾಕಾರವೆಲ್ಲ ದಂಡ.

ಯಾವ ರಾಶಿ ಹಿಡಿಯಬೇಕು?

ಕೂಡಿಸಿ ನೋಡುವುದು ಜನ್ಮರಾಶಿಯನ್ನು, ಅಂದರೆ ಹುಟ್ಟಿದ ಹೊತ್ತಿಗೆ ಚಂದ್ರ ಇದ್ದ ರಾಶಿಯನ್ನು. ತುಳುನಾಡಿನಲ್ಲಿ ಇಲ್ಲೊಂದು ವಿಶೇಷ ಗೊಂದಲವಿದೆ. ನಮ್ಮದು ಸೌರಮಾನ; ಬಿಸುವಿನಿಂದ ವರ್ಷ, ಸಂಕ್ರಮಣದಿಂದ ತಿಂಗಳು. "ನಮ್ಮ ಹುಡುಗ ಸೋಣ ತಿಂಗಳಲ್ಲಿ ಹುಟ್ಟಿದ್ದು, ಸಿಂಹ" ಎಂದು ಅಜ್ಜಿ ಹೇಳಿದರೆ ಅದು ಸೂರ್ಯನ ರಾಶಿ. ಪತ್ರಿಕೆಯ ವಾರಭವಿಷ್ಯದಲ್ಲಿ ತಾರೀಕು ನೋಡಿ ಹಿಡಿಯುವ ರಾಶಿ ಇನ್ನೊಂದು, ಅದು ಸಾಯನ ಲೆಕ್ಕ, ಅಂದರೆ ವಿಷುವದಿಂದ ರಾಶಿ ಎಣಿಸುವ ಪಾಶ್ಚಾತ್ಯ ಕ್ರಮ. ಸ್ಥಿರ ನಕ್ಷತ್ರಗಳಿಂದ ಎಣಿಸುವ ನಮ್ಮ ನಿರಯನ ಲೆಕ್ಕಕ್ಕೂ ಅದಕ್ಕೂ ಈಗ ಸುಮಾರು 24 ಅಂಶಗಳ ವ್ಯತ್ಯಾಸ, ದಿನದಲ್ಲಿ ಹೇಳುವುದಾದರೆ ಮೂರುವರೆ ವಾರ.

ಜುಲೈ 30ಕ್ಕೆ ಹುಟ್ಟಿದ ಮಗುವನ್ನು ತೆಗೆದುಕೊಳ್ಳಿ. ತಾರೀಕಿನ ಪ್ರಕಾರ ಸಿಂಹ, ಅಂದರೆ ಬೆಂಕಿ. ತುಳು ತಿಂಗಳ ಪ್ರಕಾರ ಆಟಿ, ಕರ್ಕಾಟಕ ಮಾಸ, ಅಂದರೆ ನೀರು. ಆ ದಿನ ಚಂದ್ರ ಕನ್ಯೆಯಲ್ಲಿದ್ದರೆ ಜನ್ಮರಾಶಿ ಕನ್ಯಾ. ಬೆಂಕಿಯೂ ಅಲ್ಲ, ನೀರೂ ಅಲ್ಲ. ಒಂದು ಕಡೆಯವರು ತಾರೀಕಿನ ರಾಶಿ, ಇನ್ನೊಂದು ಕಡೆಯವರು ಜನ್ಮರಾಶಿ ಬರೆದು ಕಳಿಸಿ, ನಡುವಿನವರು ಎರಡನ್ನೂ ಕೂಡಿಸುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು.

ಹೊತ್ತು, ಊರು

ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ, ಅದರ ಕಾಲು ಭಾಗವಾದ ಒಂದು ಪಾದ ದಾಟಲು ಸುಮಾರು ಆರು ಗಂಟೆ ಬೇಕು. ಹಾಗಾಗಿ ಹುಟ್ಟಿದ ಹೊತ್ತು ಹತ್ತು ನಿಮಿಷ ಆಚೀಚೆ ಆದರೆ ನಕ್ಷತ್ರ ಬದಲಾಗುವುದು ಅಪರೂಪ. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುವ ರಾಶಿ, ಹಾಗಲ್ಲ; ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಮಂಗಳೂರು, ಉಡುಪಿಗಳ ಸ್ಥಳೀಯ ಸಮಯ ಗಡಿಯಾರದ ಭಾರತೀಯ ಸಮಯಕ್ಕಿಂತ ಸುಮಾರು 31 ನಿಮಿಷ ಹಿಂದೆ. ಊರಿನ ಹೆಸರು ಸರಿಯಾಗಿ ಹಾಕಿದರೆ ಸಾಫ್ಟ್‌ವೇರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನೀವು ಮೊದಲೇ ಕಳೆದು ಹಾಕಿದರೆ ಎರಡು ಸಲ ಕಳೆದಂತಾಗಿ ಲಗ್ನ ತಪ್ಪುತ್ತದೆ.

ದೊಡ್ಡ ತಪ್ಪು ಆಗುವುದು ಗಲ್ಫಿನಲ್ಲಿ ಹುಟ್ಟಿದ ಮಕ್ಕಳ ಜಾತಕದಲ್ಲಿ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಮತ್ತು ಸೌದಿಯದು ಎರಡೂವರೆ ಗಂಟೆ ಹಿಂದೆ. ಅಲ್ಲಿಯ ಆಸ್ಪತ್ರೆಯ ಕಾಗದದಲ್ಲಿದ್ದ ಹೊತ್ತನ್ನು "ಮಂಗಳೂರು" ಎಂದು ಊರು ಕೊಟ್ಟು ಹಾಕಿದರೆ ಲಗ್ನ ಹೋಯಿತೆಂದೇ ತಿಳಿಯಿರಿ, ನಕ್ಷತ್ರದ ಕೊನೆಯಲ್ಲಿ ಹುಟ್ಟಿದವರ ನಕ್ಷತ್ರವೂ ಹೋಗುತ್ತದೆ. ಹುಟ್ಟಿದ ಊರು ಮತ್ತು ಅಲ್ಲಿಯ ಗಡಿಯಾರದ ಹೊತ್ತು, ಎರಡನ್ನೂ ಇದ್ದ ಹಾಗೇ ಕೊಡಿ.

ಹಳೆಯ ಕೈಬರಹದ ಜಾತಕದಲ್ಲಿ "ಬುಧವಾರ ರಾತ್ರಿ 3 ಗಂಟೆ" ಎಂದಿದ್ದರೆ ಅದು ತಾರೀಕಿನ ಲೆಕ್ಕದಲ್ಲಿ ಗುರುವಾರದ ಬೆಳಗಿನ ಜಾವ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಇದನ್ನು ಮರೆತರೆ ಪೂರ್ತಿ ಒಂದು ದಿನ, ಅಂದರೆ ಒಂದು ನಕ್ಷತ್ರವೇ ಜಾರುತ್ತದೆ. ಮೊಬೈಲ್ ಆ್ಯಪಿನಲ್ಲಿ ಅಯನಾಂಶ (ಸಾಯನ–ನಿರಯನಗಳ ನಡುವಿನ ಆ ವ್ಯತ್ಯಾಸ) "ಲಾಹಿರಿ" ಎಂದೇ ಇದೆಯೇ ನೋಡಿ. ಲಾಹಿರಿಗೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ಅಂತರವಿದೆ. ಇಬ್ಬರ ಜಾತಕವೂ ಒಂದೇ ಅಯನಾಂಶದಲ್ಲಿರಬೇಕು.

ಇಷ್ಟೆಲ್ಲ ಹೇಳಲು ಕಾರಣವಿದೆ. ನೀರು ರಾಶಿ ಮುಗಿದು ಬೆಂಕಿ ರಾಶಿ ಶುರುವಾಗುವ ಮೂರು ಸಂಧಿಗಳಲ್ಲಿ, ಅಂದರೆ ಆಶ್ಲೇಷಾ–ಮಖಾ, ಜ್ಯೇಷ್ಠಾ–ಮೂಲಾ, ರೇವತಿ–ಅಶ್ವಿನಿ ನಡುವೆ, ರಾಶಿ ಮತ್ತು ನಕ್ಷತ್ರ ಎರಡೂ ಒಟ್ಟಿಗೇ ಬದಲಾಗುತ್ತವೆ. ಇದಕ್ಕೇ ಗಂಡಾಂತ ಎನ್ನುವುದು. ಅರ್ಧ ಗಂಟೆಯ ತಪ್ಪಿನಿಂದ ಕರ್ಕಾಟಕದವನು ಸಿಂಹದವನಾಗಬಹುದು. ಇಬ್ಬರಲ್ಲಿ ಒಬ್ಬರ ನಕ್ಷತ್ರ ಈ ಆರರಲ್ಲಿ ಒಂದಾಗಿದ್ದು ಪಾದ 4 ಅಥವಾ 1 ಎಂದಿದ್ದರೆ, ಹುಟ್ಟಿದ ಹೊತ್ತನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೇ ಮುಂದೆ ಹೋಗಿ.

ಪಾದ ಇಲ್ಲದ ನಕ್ಷತ್ರ ಅರ್ಧ ಮಾಹಿತಿ. ಕೃತ್ತಿಕೆಯ ಮೊದಲ ಪಾದ ಮಾತ್ರ ಮೇಷ, ಉತ್ತರೆಯ ಮೊದಲ ಪಾದ ಮಾತ್ರ ಸಿಂಹ, ಉತ್ತರಾಷಾಢದ ಮೊದಲ ಪಾದ ಮಾತ್ರ ಧನು. ನೀರಿನ ಕಡೆ ಪುನರ್ವಸು, ವಿಶಾಖಾ, ಪೂರ್ವಾಭಾದ್ರಾ ಇವುಗಳ ನಾಲ್ಕನೇ ಪಾದ ಮಾತ್ರ ಕರ್ಕಾಟಕ, ವೃಶ್ಚಿಕ, ಮೀನಕ್ಕೆ ಸೇರುತ್ತದೆ.

ರಾಶಿಯಿಂದಲೇ ತೀರ್ಮಾನವಾಗುವ ಅಂಕಗಳು

ಎಂಟು ಕೂಟಗಳ ಅಂಕ ಹೀಗೆ: ವರ್ಣ 1, ವಶ್ಯ 2, ತಾರಾ 3, ಯೋನಿ 4, ಗ್ರಹಮೈತ್ರಿ 5, ಗಣ 6, ರಾಶಿ (ಭಕೂಟ) 7, ನಾಡಿ 8. ಒಟ್ಟು 36ಕ್ಕೆ 18 ಬಂದರೆ ಸಾಕೆಂಬುದು ವಾಡಿಕೆ.

ಗ್ರಹಮೈತ್ರಿಯಿಂದ ಶುರುಮಾಡಿ, ಏಕೆಂದರೆ ಬೆಂಕಿ–ನೀರಿನ ಜಗಳದ ಮಾತು ಬಿದ್ದುಹೋಗುವುದು ಇಲ್ಲೇ. ಬೆಂಕಿ ರಾಶಿಗಳ ಅಧಿಪತಿಗಳು ಕುಜ, ರವಿ, ಗುರು. ನೀರಿನವು ಚಂದ್ರ, ಕುಜ, ಗುರು. ಇವರೆಲ್ಲ ಒಂದೇ ಬಳಗ. ಒಂಬತ್ತು ಜೋಡಿಗಳಲ್ಲಿ ಏಳಕ್ಕೆ ಪೂರ್ತಿ 5 ಅಂಕ. ಮೇಷ–ಕರ್ಕಾಟಕ, ಧನು–ಕರ್ಕಾಟಕ ಎರಡಕ್ಕೆ 4, ಏಕೆಂದರೆ ಕುಜನಿಗೂ ಗುರುವಿಗೂ ಚಂದ್ರ ಮಿತ್ರನಾದರೂ ಚಂದ್ರನಿಗೆ ಅವರಿಬ್ಬರು ಸಮರು, ಅಂದರೆ ಮಿತ್ರರೂ ಅಲ್ಲ, ಶತ್ರುಗಳೂ ಅಲ್ಲ. ಮೇಷ–ವೃಶ್ಚಿಕ ಎರಡಕ್ಕೂ ಕುಜನೇ ಒಡೆಯ, ಧನು–ಮೀನಕ್ಕೆ ಗುರುವೇ ಒಡೆಯ. ಶತ್ರುತ್ವ ಒಂದು ಜೋಡಿಯಲ್ಲೂ ಇಲ್ಲ.

ವರ್ಣದಲ್ಲಿ ದಿಕ್ಕು ಮುಖ್ಯ. ಕೋಷ್ಟಕದಲ್ಲಿ ನೀರು ರಾಶಿಗಳಿಗೆ ಬ್ರಾಹ್ಮಣ, ಬೆಂಕಿಗೆ ಕ್ಷತ್ರಿಯ ಎಂದು ಹೆಸರು (ಇದು ರಾಶಿಯ ವರ್ಗ, ಜಾತಿಗೂ ಇದಕ್ಕೂ ಸಂಬಂಧವಿಲ್ಲ). ಹುಡುಗನದು ಸಮ ಅಥವಾ ಮೇಲಿರಬೇಕು. ಹಾಗಾಗಿ ಹುಡುಗ ನೀರು, ಹುಡುಗಿ ಬೆಂಕಿ ಆದರೆ 1, ತಿರುಗಿದರೆ 0. ಒಂದು ಅಂಕದ ವಿಷಯ, ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ರಾಶಿಕೂಟದ ಏಳು ಅಂಕಗಳಿಗೆ. ಎಣಿಸುವಾಗ ಹೊರಡುವ ರಾಶಿಯನ್ನೂ ಒಂದು ಎಂದೇ ಹಿಡಿಯಬೇಕು. ಬೆಂಕಿ ರಾಶಿಯಿಂದ ನೀರು ರಾಶಿ 4, 8 ಅಥವಾ 12ನೆಯದೇ ಆಗಿರುತ್ತದೆ, ಬೇರೆ ಸಾಧ್ಯತೆ ಇಲ್ಲ; ನೀರಿನಿಂದ ತಿರುಗಿ ಎಣಿಸಿದರೆ ಕ್ರಮವಾಗಿ 10, 6, 2. ಮೇಷ–ಕರ್ಕಾಟಕ, ಸಿಂಹ–ವೃಶ್ಚಿಕ, ಧನು–ಮೀನ ಇವು ಚತುರ್ಥ–ದಶಮ: ಪೂರ್ತಿ 7. ಮೇಷ–ವೃಶ್ಚಿಕ, ಸಿಂಹ–ಮೀನ, ಧನು–ಕರ್ಕಾಟಕ ಇವು ಷಡಷ್ಟಕ (6–8): 0. ಮೇಷ–ಮೀನ, ಸಿಂಹ–ಕರ್ಕಾಟಕ, ಧನು–ವೃಶ್ಚಿಕ ಇವು ದ್ವಿದ್ವಾದಶ: ಇವಕ್ಕೂ 0. ಅಂದರೆ ಆರಂಭದಲ್ಲಿ ಹೇಳಿದ ಸಿಂಹ–ವೃಶ್ಚಿಕಕ್ಕೆ ರಾಶಿಕೂಟದಲ್ಲಿ ನೂರಕ್ಕೆ ನೂರು.

ದಶಕೂಟ ಹಿಡಿಯುವ ಜೋಯಿಸರು ಹುಡುಗಿಯ ರಾಶಿಯಿಂದಲೇ ಎಣಿಸುತ್ತಾರೆ, ಆಗ ದಿಕ್ಕು ಬದಲಾದರೆ ಫಲವೂ ಬದಲು. ಚತುರ್ಥ–ದಶಮದಲ್ಲಿ ಹುಡುಗ ಬೆಂಕಿ, ಹುಡುಗಿ ನೀರು ಒಳ್ಳೆಯದು. ದ್ವಿದ್ವಾದಶದಲ್ಲಿ ಹುಡುಗ ನೀರು, ಹುಡುಗಿ ಬೆಂಕಿ ಆದರೆ ಹುಡುಗನ ರಾಶಿ ಹನ್ನೆರಡನೆಯದಾಗುತ್ತದೆ, ಅದು ಶುಭ. ತಿರುಗಿದರೆ ಎರಡನೆಯದು, ಅದು ಬೇಡ. ಆ್ಯಪ್ ಈ ದಿಕ್ಕನ್ನು ನೋಡದೆ ಎರಡಕ್ಕೂ ಸೊನ್ನೆ ಹಾಕುತ್ತದೆ. ಆ್ಯಪಿಗೂ ಜೋಯಿಸರಿಗೂ ಅಭಿಪ್ರಾಯಭೇದ ಬರುವ ಒಂದು ಜಾಗ ಇದು.

ನಕ್ಷತ್ರದ ಅಂಕಗಳು

ನಾಡಿಗೆ ಎಂಟು ಅಂಕ, ಒಂದೇ ನಾಡಿಯಾದರೆ ಎಂಟೂ ಹೋಯಿತು. ಈ ಆರು ರಾಶಿಗಳಿಗೆ ನೆನಪಿಡಲು ಸುಲಭವಾದ ಸೂತ್ರವಿದೆ: ಪ್ರತಿ ರಾಶಿಯ ನಡುವಿನ ನಕ್ಷತ್ರ ಮಧ್ಯನಾಡಿ. ಭರಣಿ, ಹುಬ್ಬಾ, ಪೂರ್ವಾಷಾಢಾ ಒಂದು ಕಡೆ. ಪುಷ್ಯ, ಅನುರಾಧಾ, ಉತ್ತರಾಭಾದ್ರಾ ಇನ್ನೊಂದು ಕಡೆ. ಇವುಗಳಲ್ಲಿ ಯಾವುದಕ್ಕೆ ಯಾವುದನ್ನು ಕೂಡಿಸಿದರೂ ನಾಡಿದೋಷ. ಅಶ್ವಿನಿ, ಉತ್ತರಾ, ಮೂಲಾ, ಪುನರ್ವಸು, ಜ್ಯೇಷ್ಠಾ, ಪೂರ್ವಾಭಾದ್ರಾ ಆದ್ಯನಾಡಿ. ಕೃತ್ತಿಕಾ, ಮಖಾ, ಉತ್ತರಾಷಾಢಾ, ಆಶ್ಲೇಷಾ, ವಿಶಾಖಾ, ರೇವತಿ ಅಂತ್ಯನಾಡಿ.

"ನಾಡಿ ಎಂದರೆ ರಕ್ತದ ಗುಂಪು" ಎಂಬ ಮಾತು ಈಗ ಎಲ್ಲೆಡೆ ಓಡಾಡುತ್ತಿದೆ. ಅದು ಚಂದ್ರನ ನಕ್ಷತ್ರದ ವಿಂಗಡಣೆ ಅಷ್ಟೆ. ರಕ್ತದ ಬಗ್ಗೆ ತಿಳಿಯಬೇಕಾದರೆ ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡಿಸಿ. ನಾಡಿ ಕೂಡಿದರೂ ಮಾಡಿಸಿ.

ನಕ್ಷತ್ರಗಳನ್ನು ದೇವ, ಮನುಷ್ಯ, ರಾಕ್ಷಸ ಎಂದು ವಿಂಗಡಿಸುವ ಗಣದಲ್ಲಿ ವೃಶ್ಚಿಕದವರು ಜಾಗ್ರತೆ ವಹಿಸಬೇಕು: ವಿಶಾಖಾ, ಜ್ಯೇಷ್ಠಾ ರಾಕ್ಷಸಗಣ, ಅನುರಾಧಾ ಮಾತ್ರ ದೇವಗಣ. ಎದುರಿಗೆ ಹುಬ್ಬಾ, ಉತ್ತರಾ, ಪೂರ್ವಾಷಾಢಾ, ಉತ್ತರಾಷಾಢಾ ಎಲ್ಲ ಮನುಷ್ಯಗಣ. ರಾಕ್ಷಸ–ಮನುಷ್ಯಕ್ಕೆ 0, ರಾಕ್ಷಸ–ದೇವಕ್ಕೆ ಕೋಷ್ಟಕ ನೋಡಿಕೊಂಡು 0 ಅಥವಾ 1. ಯೋನಿಯಲ್ಲಿ ಪ್ರತಿ ನಕ್ಷತ್ರಕ್ಕೂ ಒಂದು ಪ್ರಾಣಿ; ಬದ್ಧವೈರದ ಜೋಡಿಗಳಿಗೆ 0. ಬೆಂಕಿ–ನೀರಿನ ನಡುವೆ ಅವು ಐದು ಬಗೆ: ಸಿಂಹದ ಮಖಾ, ಹುಬ್ಬಾ (ಇಲಿ) ಮತ್ತು ಕರ್ಕಾಟಕದ ಪುನರ್ವಸು, ಆಶ್ಲೇಷಾ (ಬೆಕ್ಕು), ಭರಣಿ (ಆನೆ) ಮತ್ತು ಪೂರ್ವಾಭಾದ್ರಾ (ಸಿಂಹ), ಮೂಲಾ (ನಾಯಿ) ಮತ್ತು ಅನುರಾಧಾ, ಜ್ಯೇಷ್ಠಾ (ಜಿಂಕೆ), ಉತ್ತರಾ (ಹಸು) ಮತ್ತು ವಿಶಾಖಾ (ಹುಲಿ), ಪೂರ್ವಾಷಾಢಾ (ಕೋತಿ) ಮತ್ತು ಪುಷ್ಯ (ಆಡು). ಪೂರ್ತಿ 4 ಬರುವವೂ ಇವೆ: ಭರಣಿ–ರೇವತಿ ಎರಡೂ ಆನೆ, ಕೃತ್ತಿಕಾ–ಪುಷ್ಯ ಎರಡೂ ಆಡು, ಉತ್ತರಾ–ಉತ್ತರಾಭಾದ್ರಾ ಎರಡೂ ಹಸು.

ತಾರೆಗೆ ಇಬ್ಬರ ನಕ್ಷತ್ರಗಳನ್ನು ಒಂದರಿಂದ ಒಂದಕ್ಕೆ ಎಣಿಸಿ, 9ರಿಂದ ಭಾಗಿಸಿ. ಶೇಷ 3, 5, 7 ಬಂದರೆ ಬೇಡ. ಎರಡೂ ದಿಕ್ಕಿನಿಂದ ಎಣಿಸುವ ಲೆಕ್ಕದಲ್ಲಿ ಒಂದೊಂದಕ್ಕೆ ಒಂದೂವರೆ ಅಂಕ.

ರಜ್ಜು ಮತ್ತು ವೇಧ: ನಿಜವಾದ ತೊಡಕು

ಉತ್ತರ ಭಾರತದ ಅಷ್ಟಕೂಟ ಪದ್ಧತಿಯ ಆ್ಯಪುಗಳು ರಜ್ಜು, ವೇಧ (ಎರಡು ನಕ್ಷತ್ರಗಳು ಒಂದಕ್ಕೊಂದು ಅಡ್ಡಿಯಾಗುವ ದೋಷ) ತೋರಿಸುವುದಿಲ್ಲ. ದಶಕೂಟದವರು ಇವೆರಡನ್ನೇ ಮೊದಲು ನೋಡುತ್ತಾರೆ. 27 ನಕ್ಷತ್ರಗಳನ್ನು ಪಾದ, ಕಟಿ, ಉದರ, ಕಂಠ, ಶಿರ ಎಂದು ಐದು ರಜ್ಜುಗಳಾಗಿ ಹಂಚಲಾಗಿದೆ. ಹುಡುಗ, ಹುಡುಗಿ ಒಂದೇ ರಜ್ಜುವಿನಲ್ಲಿ ಬರಬಾರದು. ಬೆಂಕಿ, ನೀರು ರಾಶಿಗಳ ಎಲ್ಲ 18 ನಕ್ಷತ್ರಗಳು ಮೊದಲ ಮೂರರಲ್ಲೇ ತುಂಬಿಕೊಂಡಿವೆ. ಆದ್ದರಿಂದ ಈ ಜೋಡಿಗಳಲ್ಲಿ ರಜ್ಜುದೋಷ ಸಿಗುವುದು ಹೆಚ್ಚು: ಸಾಧ್ಯವಿರುವ 81 ನಕ್ಷತ್ರಜೋಡಿಗಳಲ್ಲಿ 27ಕ್ಕೆ.

ನೆನಪಿಡುವ ಬಗೆ: ಬೆಂಕಿ ರಾಶಿಯ ಮೊದಲ ನಕ್ಷತ್ರಕ್ಕೆ ನೀರು ರಾಶಿಯ ಕೊನೆಯದು ಆಗದು. ಅಶ್ವಿನಿ, ಮಖಾ, ಮೂಲಾ ಮತ್ತು ಆಶ್ಲೇಷಾ, ಜ್ಯೇಷ್ಠಾ, ರೇವತಿ ಎಲ್ಲ ಪಾದರಜ್ಜು. ನಡುವಿನದಕ್ಕೆ ನಡುವಿನದು ಆಗದು, ಅದು ಕಟಿರಜ್ಜು. ಬೆಂಕಿಯ ಕೊನೆಯದಕ್ಕೆ (ಕೃತ್ತಿಕಾ, ಉತ್ತರಾ, ಉತ್ತರಾಷಾಢಾ) ನೀರಿನ ಮೊದಲಿನದು (ಪುನರ್ವಸು, ವಿಶಾಖಾ, ಪೂರ್ವಾಭಾದ್ರಾ) ಆಗದು, ಅದು ಉದರರಜ್ಜು.

ಸಮಾಧಾನದ ಸಂಗತಿಯೂ ಇದರಲ್ಲೇ ಇದೆ. ಅತಿ ಕಠಿಣವೆಂದು ಎಣಿಸುವ ಶಿರೋರಜ್ಜು, ಕಂಠರಜ್ಜು ಬೆಂಕಿ–ನೀರು ಜೋಡಿಗೆ ಬರುವುದೇ ಇಲ್ಲ. ಪಾದರಜ್ಜುವಿನ ಫಲ "ದಂಪತಿಗೆ ಸದಾ ಅಲೆದಾಟ" ಎಂದಿದೆ. ಒಬ್ಬರು ಅಬುಧಾಬಿಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಕಾರ್ಕಳದಲ್ಲಿ ಇರುವ ನಮ್ಮ ಊರಿನ ಮನೆಗಳಿಗೆ ಅದು ಎಷ್ಟರ ಮಟ್ಟಿಗೆ ಹೆದರಿಕೆಯ ಮಾತೋ ಅವರವರೇ ನೋಡಿಕೊಳ್ಳಲಿ.

ವೇಧ ಇನ್ನೂ ನಿಖರ. ಈ 18 ನಕ್ಷತ್ರಗಳಲ್ಲಿ ಪ್ರತಿಯೊಂದಕ್ಕೂ ವೇಧ ಇರುವುದು ಎದುರು ತತ್ತ್ವದ ಒಂದೇ ಒಂದು ನಕ್ಷತ್ರದೊಂದಿಗೆ, ಅದೂ ಷಡಷ್ಟಕದ ರಾಶಿಗಳಲ್ಲೇ:

ಮೇಷ–ವೃಶ್ಚಿಕ: ಅಶ್ವಿನಿ–ಜ್ಯೇಷ್ಠಾ, ಭರಣಿ–ಅನುರಾಧಾ, ಕೃತ್ತಿಕಾ–ವಿಶಾಖಾ.
ಸಿಂಹ–ಮೀನ: ಮಖಾ–ರೇವತಿ, ಹುಬ್ಬಾ–ಉತ್ತರಾಭಾದ್ರಾ, ಉತ್ತರಾ–ಪೂರ್ವಾಭಾದ್ರಾ.
ಧನು–ಕರ್ಕಾಟಕ: ಮೂಲಾ–ಆಶ್ಲೇಷಾ, ಪೂರ್ವಾಷಾಢಾ–ಪುಷ್ಯ, ಉತ್ತರಾಷಾಢಾ–ಪುನರ್ವಸು.

ಈ ಒಂಬತ್ತರಲ್ಲೂ ವೇಧ, ರಜ್ಜು, ಷಡಷ್ಟಕ ಮೂರೂ ಒಟ್ಟಿಗೆ ಬೀಳುತ್ತವೆ. ಮೂಲಾ–ಆಶ್ಲೇಷಾ, ಉತ್ತರಾಷಾಢಾ–ಪುನರ್ವಸು ಬಿಟ್ಟು ಉಳಿದ ಏಳರಲ್ಲಿ ನಾಡಿದೋಷವೂ ಸೇರುತ್ತದೆ. "ಬೆಂಕಿಗೆ ನೀರಾಗದು" ಎಂಬ ಮಾತಿಗೆ ಶಾಸ್ತ್ರದಲ್ಲಿ ಎಲ್ಲಾದರೂ ಆಧಾರವಿದ್ದರೆ ಅದು ಈ ಒಂಬತ್ತು ಜೋಡಿಗಳಲ್ಲಿ. ಉಳಿದ 72ಕ್ಕೆ ಅದನ್ನು ಅಂಟಿಸುವುದು ತಪ್ಪು.

ಎರಡು ಲೆಕ್ಕಗಳು

ಹುಡುಗ ಸಿಂಹ, ಮಖಾ. ಹುಡುಗಿ ವೃಶ್ಚಿಕ, ಜ್ಯೇಷ್ಠಾ. ವರ್ಣ 0, ವಶ್ಯ 0 ಎಂದೇ ಹಿಡಿಯೋಣ. ಜ್ಯೇಷ್ಠೆಯಿಂದ ಮಖೆಗೆ ಎಣಿಸಿದರೆ 20, ಶೇಷ 2; ಮಖೆಯಿಂದ ಜ್ಯೇಷ್ಠೆಗೆ 9, ಶೇಷ ಸೊನ್ನೆ. ಎರಡೂ ಒಳ್ಳೆಯದು, ತಾರೆಗೆ 3. ಗ್ರಹಮೈತ್ರಿ 5. ಇಬ್ಬರೂ ರಾಕ್ಷಸಗಣ, 6. ರಾಶಿಕೂಟ 7. ಅಂತ್ಯ ಮತ್ತು ಆದ್ಯ ನಾಡಿ, 8. ಯೋನಿ ಬಿಟ್ಟೇ 29 ಆಯಿತು. ಆ್ಯಪಿನಲ್ಲಿ ಹಸಿರು ಬಣ್ಣ. ಅದೇ ಚೀಟಿಯನ್ನು ಜೋಯಿಸರ ಮುಂದಿಟ್ಟರೆ "ಪಾದರಜ್ಜು ಉಂಟು" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ, ಬೇರೆಬೇರೆ ಕೋಷ್ಟಕ ನೋಡಿದ್ದಾರೆ. ವೇಧ ಇಲ್ಲ, ರಾಶಿದಿಕ್ಕು ಸರಿಯಿದೆ. ಉಳಿದದ್ದು ಕಠಿಣವಲ್ಲದ ಒಂದು ರಜ್ಜು. ಇಷ್ಟಕ್ಕೆ ಸಂಬಂಧ ಬಿಡುವುದು ಅತಿಯಾಯಿತು.

ಅದೇ ಹುಡುಗಿಗೆ ಮೇಷ, ಅಶ್ವಿನಿಯ ಹುಡುಗ ಬಂದರೆ? ವರ್ಣ 1, ರಾಶಿಕೂಟ 7, ನಾಡಿ 8 ಹೋದವು. ದೇವ–ರಾಕ್ಷಸ ಆದ್ದರಿಂದ ಗಣದಲ್ಲಿ ಕನಿಷ್ಠ 5 ಹೋಯಿತು. ಉಳಿದದ್ದೆಲ್ಲ ಪೂರ್ತಿ ಬಂದರೂ 15 ಮೀರದು. ಜೊತೆಗೆ ವೇಧ, ರಜ್ಜು. ಒಡೆಯ ಕುಜನೊಬ್ಬನೇ ಎಂಬ ಪರಿಹಾರದಿಂದ ಷಡಷ್ಟಕ ಕಳೆದರೂ ಉಳಿದವು ಕಳೆಯುವುದಿಲ್ಲ.

ಪರಿಹಾರ ಎಲ್ಲಿ ಒಪ್ಪಬೇಕು

ಷಡಷ್ಟಕದಲ್ಲಿ ಮಿತ್ರಷಡಷ್ಟಕ ಎಂಬುದೊಂದಿದೆ. ರಾಶಿಯ ಒಡೆಯರು ಒಬ್ಬರೇ ಅಥವಾ ಮಿತ್ರರಾದರೆ ದೋಷ ಕಡಿಮೆ. ಬೆಂಕಿ–ನೀರಿನ ಮೂರೂ ಷಡಷ್ಟಕಗಳು ಈ ಗುಂಪಿನವು. ಹಾಗಾಗಿ ವೇಧ ಇಲ್ಲದ ಷಡಷ್ಟಕವನ್ನು, ಉದಾಹರಣೆಗೆ ಮಖಾ–ಉತ್ತರಾಭಾದ್ರಾ ಜೋಡಿಯನ್ನು, ಸೊನ್ನೆ ಕಂಡ ಕೂಡಲೇ ಬಿಡಬೇಡಿ.

ನಾಡಿಯ ಪರಿಹಾರದಲ್ಲಿ ಮಾತ್ರ ಮೋಸಹೋಗಬೇಡಿ. "ಒಂದೇ ರಾಶಿ, ಬೇರೆ ನಕ್ಷತ್ರ" ಅಥವಾ "ಒಂದೇ ನಕ್ಷತ್ರ, ಬೇರೆ ಪಾದ" ಆದರೆ ದೋಷವಿಲ್ಲ ಎಂಬ ಎರಡು ರಿಯಾಯಿತಿಗಳನ್ನು ಎಲ್ಲರೂ ಹೇಳುತ್ತಾರೆ. ಬೆಂಕಿ–ನೀರಿಗೆ ಇವೆರಡೂ ತಾಗುವುದಿಲ್ಲ: ರಾಶಿಯೂ ಬೇರೆ, ಎರಡು ತತ್ತ್ವಕ್ಕೂ ಹಂಚಿಹೋದ ನಕ್ಷತ್ರವೂ ಇಲ್ಲ.

ಮೇಷ, ವೃಶ್ಚಿಕ ಕುಜನ ರಾಶಿಯಾದ್ದರಿಂದ ಅವರಿಗೆಲ್ಲ ಕುಜದೋಷ ಎಂಬುದು ತಪ್ಪು. ಕುಜದೋಷ ನೋಡುವುದು ಕುಜ ನಿಂತ ಮನೆಯಿಂದ: ಲಗ್ನದಿಂದ 2, 4, 7, 8, 12. ತನ್ನದೇ ಮನೆಯಾದ ಮೇಷ, ವೃಶ್ಚಿಕದಲ್ಲೋ ಉಚ್ಚಸ್ಥಾನ ಮಕರದಲ್ಲೋ ಇದ್ದರೆ ಅದರ ಬಲ ಕಡಿಮೆ ಎನ್ನುತ್ತಾರೆ. ಇಬ್ಬರಿಗೂ ಇದ್ದರೆ ಸರಿದೂಗಿತು.

ಇನ್ನು ಮೂಲಾ ಹುಡುಗಿ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗದು ಎಂಬ ಮಾತು. ನಾಲ್ಕೂ ಇದೇ ಬೆಂಕಿ–ನೀರು ರಾಶಿಗಳ ನಕ್ಷತ್ರಗಳು, ಆದ್ದರಿಂದ ಇಲ್ಲಿ ಎದುರಾಗಿಯೇ ಆಗುತ್ತದೆ. ಇದು 36 ಅಂಕಗಳ ಒಳಗಿಲ್ಲ, ದಶಕೂಟದ ಒಳಗೂ ಇಲ್ಲ. ವಿಶಾಖೆಯ ಮೊದಲ ಮೂರು ಪಾದಗಳಿಗೆ, ಅಂದರೆ ತುಲಾ ರಾಶಿಯವರಿಗೆ, ಹೇಳುವವರೂ ಇದನ್ನು ಹೇಳುವುದಿಲ್ಲ. ಓದಿದ, ದುಡಿಯುವ ಹುಡುಗಿಯರ ಎಷ್ಟೋ ಸಂಬಂಧಗಳು ಈ ಒಂದು ಸಾಲಿನಿಂದ ತಪ್ಪಿಹೋಗುತ್ತವೆ. ಕೂಟಗಳು ಕೂಡಿದ ಮೇಲೆ ಇದನ್ನು ಎತ್ತಬೇಕಾದ ಅಗತ್ಯವಿಲ್ಲ. ಕುಕ್ಕೆಯ ಆಶ್ಲೇಷಾ ಬಲಿ ಸರ್ಪದೋಷಕ್ಕೆ ಮಾಡಿಸುವ ಸೇವೆ. ಹುಡುಗಿಯ ನಕ್ಷತ್ರ ಆಶ್ಲೇಷಾ ಎಂಬ ಒಂದೇ ಕಾರಣಕ್ಕೆ ಅದನ್ನು ಮಾಡಿಸಬೇಕಾಗಿಲ್ಲ.

ಜೋಯಿಸರ ಬಳಿ ಹೋಗುವಾಗ

ಇಬ್ಬರ ಹುಟ್ಟಿದ ತಾರೀಕು, ಹೊತ್ತು, ಊರು, ನಕ್ಷತ್ರ, ಪಾದ, ಲಗ್ನ ಒಂದೇ ಕಾಗದದಲ್ಲಿ ಬರೆದುಕೊಂಡು ಹೋಗಿ. ಬೆಳಗಿನ ಜಾವದ ಹೊತ್ತಾದರೆ ಎರಡೂ ವಾರಗಳನ್ನು ಬರೆಯಿರಿ. "ಕೂಡುತ್ತದಾ?" ಎಂದಷ್ಟೇ ಕೇಳಿದರೆ ಹೌದು, ಇಲ್ಲ ಎಂಬ ಉತ್ತರ ಮಾತ್ರ ಸಿಗುತ್ತದೆ. ಯಾವ ಕೂಟ ಹೋಯಿತು, ದಶಕೂಟ ಹಿಡಿದಿರೋ ಅಷ್ಟಕೂಟವೋ, ರಜ್ಜು ಯಾವುದು, ವೇಧ ಉಂಟೋ ಎಂದು ಕೇಳಿ ಬರೆದುಕೊಳ್ಳಿ. ಇನ್ನೊಬ್ಬರಲ್ಲಿ ಕೇಳಬೇಕೆನಿಸಿದರೆ ಆ ಚೀಟಿಯನ್ನು ತೋರಿಸದೆ ಮೂಲ ಮಾಹಿತಿಯನ್ನಷ್ಟೇ ಕೊಡಿ. ಇಬ್ಬರು ಹೇಳಿದ ನಕ್ಷತ್ರ, ಪಾದ ಒಂದೇ ಆಗಿದ್ದು ತೀರ್ಮಾನ ಬೇರೆಯಾದರೆ ಅದು ಪದ್ಧತಿಯ ವ್ಯತ್ಯಾಸ. ನಕ್ಷತ್ರವೇ ಬೇರೆಯಾದರೆ ಪಂಚಾಂಗದ ಗಣಿತದ್ದೋ ನೀವು ಕೊಟ್ಟ ಹೊತ್ತಿನದ್ದೋ ವ್ಯತ್ಯಾಸ, ಅಲ್ಲಿಂದಲೇ ಪುನಃ ಶುರುಮಾಡಬೇಕು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ, ಮದುವೆ, ನಿಶ್ಚಯ ಇಲ್ಲದ ತಿಂಗಳು. ಹೊತ್ತಿನ ಬಗ್ಗೆ ಸಂಶಯವಿದ್ದರೆ ಹಳೆಯ ಆಸ್ಪತ್ರೆ ಕಾಗದ ಹುಡುಕಲು, ಜಾತಕ ಪುನಃ ಬರೆಸಲು ಆ ತಿಂಗಳನ್ನೇ ಬಳಸಿಕೊಳ್ಳಿ.